ಸಬ್‌ಸ್ಟ್ಯಾಕ್: ಈ ಕಷ್ಟಕಾಲದಲ್ಲಿ ಚಂದಾ ಕೇಳಬೇಕಾ?

ಸ್ವಂತವಾಗಿ ಆನ್‌ಲೈನ್‌ನಲ್ಲಿ ಬರೆಯುವವರಿಗೆ ಸಬ್‌ಸ್ಟ್ಯಾಕ್ ಒಳ್ಳೆಯ ಜಾಗ, ಅದರಲ್ಲಿ ಎರಡು ಮಾತಿಲ್ಲ. ಬರೆದದ್ದನ್ನು ನೇರ ಓದುಗರ ಈಮೇಲ್‌ಗೆ ಕಳಿಸುವ ಈ ತಾಣ 2017ರಲ್ಲಿ ಶುರುವಾದದ್ದು. ಉಚಿತವಾಗಿ ಬರೆದು ಕಳಿಸಲು ಏನೂ ಕೊಡಬೇಕಿಲ್ಲ, ಬೇಡ ಅನಿಸಿದ ದಿನ ಓದುಗರ ಈಮೇಲ್ ಪಟ್ಟಿ ಇಳಿಸಿಕೊಂಡು ಬೇರೆ ಕಡೆ ಹೋಗಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ತೊಡಕಿರುವುದು ಚಂದಾದಲ್ಲಿ. ತಿಂಗಳಿಗೆ 5 ಡಾಲರ್ ಇಟ್ಟರೆ 10% ಸಬ್‌ಸ್ಟ್ಯಾಕ್‌ಗೆ ಹೋಗುತ್ತದೆ, ಚಂದಾ ಹಣ ವಸೂಲಿ ಮಾಡಿಕೊಡುವ ಸ್ಟ್ರೈಪ್ ಕಂಪನಿ ಅಮೆರಿಕದ ದರದಲ್ಲಿ 2.9% ಮತ್ತು ಅದರ ಮೇಲೆ 30 ಸೆಂಟ್ ಹಿಡಿದುಕೊಳ್ಳುತ್ತದೆ, ಕೊನೆಗೆ ಕೈಗೆ ಬರುವುದು ಹೆಚ್ಚುಕಮ್ಮಿ 4 ಡಾಲರ್. ಆ 30 ಸೆಂಟ್ ಪ್ರತಿ ಪಾವತಿಗೂ ಹೋಗುತ್ತದೆ, ಹಾಗಾಗಿ ತಿಂಗಳ ಚಂದಾಕ್ಕಿಂತ ವರ್ಷದ್ದೇ ವಾಸಿ. ಭಾರತದಲ್ಲಿ ಕೂತು ಬರೆಯುವವರಿಗೆ ಇನ್ನೂ ಕಷ್ಟ. 2024ರಿಂದ ಇಲ್ಲಿ ಸ್ಟ್ರೈಪ್ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ.

ಆದರೆ ನನ್ನ ಯೋಚನೆ ಬದಲಾಗಿದ್ದು ಕಮಿಷನ್‌ನಿಂದಲ್ಲ. "ಕೆಲಸ ಹೋಯ್ತು, ಚಂದಾ ನಿಲ್ಲಿಸ್ತಾ ಇದ್ದೀನಿ, ಬೇಜಾರು ಮಾಡ್ಕೋಬೇಡಿ" ಅಂತ ಓದುಗರೊಬ್ಬರು ಬರೆದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಅಂಥವರನ್ನು ದುಡ್ಡು ತೆಗೆದುಕೊಳ್ಳದೆ ಚಂದಾದಾರರಾಗಿ ಉಳಿಸಿಕೊಳ್ಳುವ ಸೌಲಭ್ಯ ಸಬ್‌ಸ್ಟ್ಯಾಕ್‌ನಲ್ಲಿದೆ, ಎಲ್ಲರ ಬಿಲ್ಲಿಂಗ್ ಕೆಲ ಕಾಲ ನಿಲ್ಲಿಸಲೂಬಹುದು. ಇದನ್ನು ಜಾಸ್ತಿ ಜನ ಬಳಸಬೇಕು. ನಮಗೂ ಮನೆ ಬಾಡಿಗೆ ಇದೆ, ನಿಜ. ಅದಕ್ಕೆ ನಾನು ಬರಹವನ್ನೆಲ್ಲ ಬೀಗ ಹಾಕದೆ ತೆರೆದಿಟ್ಟು, ಕೊಡುವ ಶಕ್ತಿ ಇದ್ದವರು ಮಾತ್ರ ಕೊಡಲಿ ಅಂತ ಬಿಟ್ಟಿದ್ದೇನೆ. ಹೊಸಬರೂ ಮೊದಲು ಹೀಗೇ ಶುರುಮಾಡಿ.