ಕ್ಲಾಸು, ಕ್ಲಬ್ಬು, ಫೋನು, ತಾಳಮದ್ದಳೆ: ಮುಂಬೈಯಲ್ಲಿ ಮಾತು ಕಲಿಯಲು ಯಾವುದು ಒಳ್ಳೇದು?

ಆಫೀಸಿನಲ್ಲಿ ಪ್ರೆಸೆಂಟೇಶನ್ ಕೊಡೋದನ್ನು ಎಲ್ಲಿ ಕಲಿಯೋದು ಅಂತ ಇಲ್ಲಿ ಕೆಲಸಕ್ಕೆ ಬಂದ ನಮ್ಮ ಹುಡುಗ ಹುಡುಗಿಯರು ಕೇಳ್ತಾ ಇರ್ತಾರೆ. ನಾನು ನಾಲ್ಕು ದಾರಿ ನೋಡಿದ್ದೇನೆ. ದುಡ್ಡು ಕೊಟ್ಟು ಸೇರಿದ ಶನಿವಾರ ಭಾನುವಾರದ ಕ್ಲಾಸ್, ಸದಸ್ಯರು ಸೇರಿ ಭಾಷಣದ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್, ಮನೆಯಲ್ಲಿ ಫೋನಿನ ಮುಂದೆ ಅಭ್ಯಾಸ, ಮತ್ತೆ ನಮ್ಮ ಕರಾವಳಿಯವರ ತಾಳಮದ್ದಳೆ. ನಾಲ್ಕೂ ಕಲಿಸೋದು ಬೇರೆ ಬೇರೆ. ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ಒದಗಿದ್ದು ಕೊನೆಯದು.

ಕ್ಲಾಸಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಫೀಸು ಜೋರು, ಬ್ಯಾಚು ದೊಡ್ಡದು, ಹಾಗಾಗಿ ನಮ್ಮ ಬಾಯಿಗೆ ಕೆಲಸ ಸಿಗೋದು ಕಡಿಮೆ. ಹೇಗೆ ನಿಲ್ಲಬೇಕು, ಕೈ ಎಲ್ಲಿಡಬೇಕು, ಯಾರ ಕಣ್ಣು ನೋಡಬೇಕು, ಇದೇ ಮುಖ್ಯ ಪಾಠ. 'ಮಾತಿನ ಪರಿಣಾಮದಲ್ಲಿ ಶಬ್ದಗಳ ಪಾಲು ಬರೀ 7 ಪರ್ಸೆಂಟ್, ಮಿಕ್ಕಿದ್ದೆಲ್ಲ ದನಿ ಮತ್ತು ಹಾವಭಾವ' ಅಂತ ದೊಡ್ಡ ಅಕ್ಷರದ ಸ್ಲೈಡ್ ಕೂಡ ತೋರಿಸಿದರು. ಈ ಲೆಕ್ಕ ಬಂದಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಃಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅಲ್ಲಿ ಪರೀಕ್ಷೆ ಮಾಡಿದ್ದು ಇಷ್ಟ ಅನಿಷ್ಟದಂಥ ಭಾವನೆಯನ್ನು ಕೇಳುವವರು ಹೇಗೆ ಗುರುತಿಸ್ತಾರೆ ಅನ್ನೋದನ್ನು ಮಾತ್ರ. ಬಜೆಟ್ ವಿವರಿಸುವವರಿಗೂ ಪಾಠ ಮಾಡುವವರಿಗೂ ಅದು ಅನ್ವಯಿಸೋದೇ ಇಲ್ಲ. ಹೇಳೋ ವಿಷಯ ಗಟ್ಟಿ ಇಲ್ಲದಿದ್ದರೆ ಕೈ ಎಲ್ಲಿಟ್ಟು ಏನು ಪ್ರಯೋಜನ?

ಕ್ಲಬ್ ಹಾಗಲ್ಲ, ಅಲ್ಲಿ ಮಾತಾಡಲೇಬೇಕು. ಟೋಸ್ಟ್‌ಮಾಸ್ಟರ್ಸ್ ಶುರುವಾಗಿದ್ದು 1924ರಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ, ರಾಲ್ಫ್ ಸ್ಮೆಡ್ಲಿ ಅನ್ನುವವರಿಂದ. ಮುಂಬೈಯಲ್ಲಿ ಕ್ಲಬ್ಬುಗಳು ಬೇಕಾದಷ್ಟಿವೆ, ಅತಿಥಿಯಾಗಿ ಹೋಗಿ ನೋಡಬಹುದು. ತಯಾರಿ ಮಾಡಿಕೊಂಡು ಬಂದ ಭಾಷಣ ಸಾಮಾನ್ಯವಾಗಿ 5ರಿಂದ 7 ನಿಮಿಷ. ಸಮಯ ತಿಳಿಸೋಕೆ ಐದು ನಿಮಿಷ ಆದ ಕೂಡಲೇ ಹಸಿರು ದೀಪವೋ ಕಾರ್ಡೋ ತೋರಿಸ್ತಾರೆ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. 'ಟೇಬಲ್ ಟಾಪಿಕ್ಸ್'ನಲ್ಲಿ ಅಲ್ಲೇ ಒಂದು ಪ್ರಶ್ನೆ ಕೊಡ್ತಾರೆ, ಒಂದೆರಡು ನಿಮಿಷ ಮಾತಾಡಬೇಕು. ನೀವು ಎಷ್ಟು ಸಲ 'ಆ', 'ಅಂ', 'ಸೋ' ಅಂದ್ರಿ ಅಂತ ಎಣಿಸೋಕೇ ಒಬ್ಬರು ಕೂತಿರ್ತಾರೆ. ಹಳದಿ ಬಣ್ಣ ಕಂಡಾಗ ಉಳಿದ ಮೂರು ಅಂಶದಲ್ಲಿ ಯಾವ ಎರಡನ್ನು ಬಿಟ್ಟು ಮುಗಿಸಬೇಕು ಅಂತ ಬಾಯಿ ನಿಲ್ಲಿಸದೇ ಲೆಕ್ಕ ಹಾಕೋದಿದೆಯಲ್ಲ, ಆ ಅಭ್ಯಾಸ ನನಗೆ ಬೇರೆಲ್ಲೂ ಸಿಗಲಿಲ್ಲ. ವೇದಿಕೆ ಅಂದರೆ ನಡುಕ ಬರುವವರು ಕಣ್ಣು ಮುಚ್ಚಿ ಮೊದಲು ಇಲ್ಲಿಗೇ ಹೋಗಿ. ಒಂದೇ ಮಾತು ನೆನಪಿರಲಿ: ಅಲ್ಲಿ ಕೂತವರೆಲ್ಲ ನಿಮ್ಮ ಪರ. ಭಾಷಣದ ಮಧ್ಯೆ ಕೈಯೆತ್ತಿ 'ಅದು ಹೇಗೆ ಸಾಧ್ಯ?' ಅಂತ ಯಾರೂ ಕೇಳೋದಿಲ್ಲ. ಆಫೀಸಿನಲ್ಲಿ ಕೇಳ್ತಾರೆ.

ಫೋನು ಪುಕ್ಕಟೆ, ಜೊತೆಗೆ ನಿಷ್ಠುರ. ನಮ್ಮ ದನಿ ನಮಗೆ ತಲೆಯ ಮೂಳೆಗಳ ಮೂಲಕವೂ ಕೇಳಿಸೋದರಿಂದ ತುಂಬಿದ ಹಾಗಿರುತ್ತೆ, ರೆಕಾರ್ಡಿಂಗಿನಲ್ಲಿ ತೆಳುವಾಗಿ, ಯಾರದೋ ದನಿ ಅನ್ನಿಸುತ್ತೆ. ಅದಕ್ಕೆ ಹೆದರಬೇಡಿ. ವಿಡಿಯೋವನ್ನು ಒಮ್ಮೆ ಸೌಂಡ್ ಪೂರ್ತಿ ತೆಗೆದು ನೋಡಿ, ಒಮ್ಮೆ ಸ್ಕ್ರೀನ್ ಬೋರಲು ಹಾಕಿ ಬರೀ ಕೇಳಿ. ಮೊದಲನೆಯದರಲ್ಲಿ ಕೈಕಾಲಿನ ಚಡಪಡಿಕೆ ಕಾಣುತ್ತೆ, ಎರಡನೆಯದರಲ್ಲಿ ವಾಕ್ಯದ ಕೊನೆ ನುಂಗೋದು ಗೊತ್ತಾಗುತ್ತೆ. ಆದರೆ ಫೋನು ತಿರುಗಿ ಮಾತಾಡೋದಿಲ್ಲ ಅಲ್ವಾ?

ತಾಳಮದ್ದಳೆಯಲ್ಲಿ ತಿರುಗಿ ಮಾತಾಡೋದೇ ಕಲೆ. ಗೊತ್ತಿಲ್ಲದವರಿಗೆ ಹೇಳೋದಾದರೆ, ಇದು ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ತಮ್ಮ ಪಾತ್ರದ ಮಾತನ್ನು ಆಗಿಂದಾಗ ಕಟ್ಟಿ ಹೇಳ್ತಾರೆ. ಕಂಠಪಾಠದ ಸಂಭಾಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಮಾಡಿದ್ದು ಈ ಮಾತಿನಿಂದಲೇ. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ಬಿಡುವು. ಆಗ ಅಲ್ಲಿಯ ಕಲಾವಿದರು ಮುಂಬೈಗೂ ಬರ್ತಾರೆ. ವರ್ಷವಿಡೀ ಅಭ್ಯಾಸ ಮಾಡುವ ಹವ್ಯಾಸಿ ಗುಂಪುಗಳು ಇಲ್ಲೇ ಉಪನಗರಗಳಲ್ಲಿವೆ. ನಾನು ಕೂತಿದ್ದು ಅಂಥದ್ದರಲ್ಲಿ, ದೇವಸ್ಥಾನದ ಮೇಲಿನ ಹಾಲಿನಲ್ಲಿ.

ಪ್ರಸಂಗ ವಾಲಿ ವಧೆ. ನನ್ನದು ರಾಮ, ಎದುರಿಗೆ ವಾಲಿಯಾಗಿ ಹೋಟೆಲ್ ನಡೆಸಿ ಮಗನಿಗೆ ವಹಿಸಿಕೊಟ್ಟ ಹಿರಿಯರೊಬ್ಬರು. 'ಮರೆಯಲ್ಲಿ ನಿಂತು ಯಾಕೆ ಹೊಡೆದೆ?' ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ರೆಡಿ ಇತ್ತು. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದು ಅಧರ್ಮ. ಮೇಲಾಗಿ ನೀನು ಕಪಿ, ಬೇಟೆಯಲ್ಲಿ ಮರೆಯಿಂದ ಹೊಡೆದರೆ ತಪ್ಪಿಲ್ಲ. ಅವರು ಶಾಂತವಾಗಿ ಕೇಳಿದರು: 'ರಾಮಚಂದ್ರ, ನಾನು ಕಪಿಯಾದರೆ ನಿಮ್ಮ ಮನುಷ್ಯರ ಧರ್ಮ ನನಗ್ಯಾಕೆ? ಆ ಧರ್ಮ ನನಗೂ ಇದೆ ಅಂತಾದರೆ ನಾನು ಬೇಟೆಯ ಮೃಗ ಹೇಗಾದೆ? ಎರಡರಲ್ಲಿ ಒಂದು ಹೇಳು.' ನಾನು ಮತ್ತೆ ಧರ್ಮದ ಬಗ್ಗೆ ಉದ್ದಕ್ಕೆ ಹೇಳತೊಡಗಿದೆ. ಅವರು ಪಾತ್ರ ಬಿಟ್ಟು ನಕ್ಕರು. 'ಮಾರಾಯ, ಪಾಠ ಒಪ್ಪಿಸ್ಬೇಡ. ನಾನು ಕೇಳಿದ್ದಕ್ಕೆ ಉತ್ತರ ಎಲ್ಲುಂಟು?'

ಆಮೇಲೆ ಅವರೇ ದಾರಿ ತೋರಿಸಿದರು. ಮೊದಲು ಎದುರಿನವರ ಪ್ರಶ್ನೆಯನ್ನು ನಿನ್ನ ಬಾಯಲ್ಲಿ ಒಮ್ಮೆ ಹೇಳು. ಅದರಲ್ಲಿ ಒಪ್ಪುವಷ್ಟನ್ನು ಒಪ್ಪಿಕೋ. ಉಳಿದಿದ್ದಕ್ಕೆ ಮಾತ್ರ ಉತ್ತರ ಕೊಡು. ಎದುರಿನವರು ಮಾತಾಡುವಾಗ ನಿನ್ನ ಮುಂದಿನ ಮಾತು ಹುಡುಕಬೇಡ, ಕೇಳು. ಒಳ್ಳೆಯ ಅರ್ಥಧಾರಿಗಳನ್ನು ಗಮನಿಸಿ, ಎಲ್ಲರೂ ಇದನ್ನೇ ಮಾಡ್ತಾರೆ.

ತೊಂದರೆಯೂ ಇದೆ. ಗಡಿಯಾರದ ಹಂಗು ಕಡಿಮೆ, ಮಾತು ಹಿಗ್ಗುತ್ತಾ ಹೋಗುತ್ತೆ. ಭಾಗವತರು ಮುಂದಿನ ಪದ್ಯ ಎತ್ತಿದರೇನೇ ಕೆಲವರು ನಿಲ್ಲಿಸೋದು. ಪುರಾಣದ ಕಥೆ ಚೆನ್ನಾಗಿ ಗೊತ್ತಿರಬೇಕು, ಓದಿಕೊಳ್ಳೋಕೆ ಸಮಯ ಬೇಕು. ಸ್ಲೈಡಿನಲ್ಲಿ ಎಷ್ಟು ಅಕ್ಷರ ಇರಬೇಕು ಅಂತ ಅಲ್ಲಿ ಯಾರೂ ಹೇಳಿಕೊಡೋದಿಲ್ಲ.

'ಮೀಟಿಂಗು ನಡೆಯೋದು ಇಂಗ್ಲಿಷು, ಹಿಂದಿಯಲ್ಲಿ, ಇದು ಅಲ್ಲಿಗೆ ಹೇಗೆ ಬರುತ್ತೆ?' ಅಂತ ತಂಗಿ ಕೇಳಿದಳು. ಖಂಡಿತ ಬರುತ್ತೆ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಮೀಟಿಂಗೊಂದರಲ್ಲಿ ಕ್ಲೈಂಟ್ ಕಡೆಯವರು ನನ್ನ ಸ್ಲೈಡು ಹಿಂದಕ್ಕೆ ತಿರುಗಿಸಲು ಹೇಳಿದರು. 'ಇಲ್ಲಿ ಖರ್ಚು ಇಳಿಯುತ್ತೆ ಅಂದ್ರಿ, ಕೊನೆಯಲ್ಲಿ ಇನ್ನಷ್ಟು ಜನ ಬೇಕು ಅಂತೀರಿ, ಯಾವುದು ನಿಜ?' ವಾಲಿಯ ಪ್ರಶ್ನೆಯೇ. ನಾನು ಪ್ರಶ್ನೆಯನ್ನು ಅವರ ಮಾತಲ್ಲೇ ಮತ್ತೊಮ್ಮೆ ಹೇಳಿದೆ. ಮೊದಲ ವರ್ಷ ಖರ್ಚು ಏರೋದು ನಿಜ ಅಂತ ಒಪ್ಪಿಕೊಂಡೆ, ಇಳಿಯೋದು ಆಮೇಲೆ ಅಂತ ವರ್ಷದ ಲೆಕ್ಕ ಬಿಡಿಸಿ ತೋರಿಸಿದೆ. ಅವರು ಪೆನ್ನು ತೆಗೆದು ಬರೆದುಕೊಂಡು, 'ಸರಿ, ಹಾಗಾದರೆ ಎರಡನೇ ವರ್ಷದ್ದು ಹೇಳಿ' ಅಂದರು.