ಬಾಯಿ ಒಣಗುತ್ತಿದೆ ಎಂದು ಥೈರಾಯ್ಡ್ ಡೋಸ್ ಏರಿಸಿಕೊಳ್ಳುವ ಮುನ್ನ

ಥೈರಾಯ್ಡ್ ಮಾತ್ರೆ ನುಂಗುವವರು ಬಾಯಿ ಒಣಗುತ್ತದೆ ಎಂದಾಗ ಆಗುವ ಎಡವಟ್ಟು ಹೆಚ್ಚುಕಡಿಮೆ ಒಂದೇ ತೆರ. "ಅದು ಥೈರಾಯ್ಡ್‌ನಿಂದಲೇ, ಸರಿಹೋಗುತ್ತೆ" ಎಂಬ ಉತ್ತರ ಮೊದಲು. ಥೈರಾಯ್ಡ್ ಮಟ್ಟ ತಿಳಿಸುವ ರಕ್ತಪರೀಕ್ಷೆ ಟಿಎಸ್‌ಎಚ್ ಸರಿಯಿದ್ದರೂ ಡೋಸ್ 25 ಮೈಕ್ರೋಗ್ರಾಂ ಮೇಲೇರುತ್ತದೆ. ಎದೆ ಡವಡವ ಶುರುವಾಗಿ ನಿದ್ದೆ ಕೆಡುತ್ತದೆ, ಅದಕ್ಕೊಂದು ಅಮಿಟ್ರಿಪ್ಟಿಲಿನ್, ಖಿನ್ನತೆಗೂ ನಿದ್ದೆಗೂ ಕೊಡುವ ಮಾತ್ರೆ. ಗಂಟಲು ಕೆರೆತಕ್ಕೆ ಅಲರ್ಜಿ ಮಾತ್ರೆ. ಈ ಎರಡೂ ಜೊಲ್ಲನ್ನು ಮತ್ತಷ್ಟು ಬತ್ತಿಸುವಂಥವೇ. ಕೊನೆಗೆ ಒಸಡಿನ ಅಂಚಿನುದ್ದಕ್ಕೂ ಹಲ್ಲುಗಳು ಹುಳುಕು ಹಿಡಿದಾಗ ದಂತವೈದ್ಯರು ಮೊದಲ ಸಲ ಕೇಳುತ್ತಾರೆ: ಜೊಲ್ಲು ಯಾಕೆ ಇಲ್ಲ?

ಆ ಪ್ರಶ್ನೆಯನ್ನು ಮೊದಲ ತಿಂಗಳಲ್ಲೇ ಕೇಳಬೇಕಿತ್ತು. ಥೈರಾಯ್ಡ್ ಹಾರ್ಮೋನ್ ತೀರಾ ಕಡಿಮೆಯಿದ್ದಾಗ ಬಾಯಿ ಒಣಗಬಹುದು, ನಿಜ. ವೈದ್ಯರು ಡೋಸ್ ಬದಲಿಸಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ. ಅದು ಸರಿಗೆ ಬಂದ ಮೇಲೂ ಮೂರು ತಿಂಗಳಿಂದ ಬಾಯಿ ದಿನಾ ಒಣಗುತ್ತಿದ್ದರೆ ತಪ್ಪನ್ನು ಥೈರಾಯ್ಡ್ ತಲೆಗೆ ಕಟ್ಟಬೇಡಿ. ಕೂದಲಿಗೆಂದು ಬಯೋಟಿನ್ ನುಂಗುವವರಿಗೆ ಇನ್ನೊಂದು ಮಾತು: ಹೆಚ್ಚಿನ ಡೋಸ್‌ನ ಬಯೋಟಿನ್ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬ್‌ನವರಿಗೂ ತಿಳಿಸಿ.

ಇನ್ನೊಂದು ತೊಡಕು ನಮ್ಮ ಮಾತಿನಲ್ಲೇ ಇದೆ. 'ಬಾಯಿ ಆರುತ್ತೆ' ಎಂದರೆ ನೀರಡಿಕೆಯೂ ಹೌದು, ಜೊಲ್ಲಿಲ್ಲದ ಬಾಯಿಯೂ ಹೌದು. ವೈದ್ಯರ ಮುಂದೆ ಇದನ್ನು ಬಿಡಿಸಿ ಹೇಳಿ. ಎಷ್ಟು ಕುಡಿದರೂ ದಾಹ ತೀರದೆ ಮೂತ್ರವೂ ಹೆಚ್ಚಾಗಿದ್ದರೆ ಮೊದಲು ಸಕ್ಕರೆ ನೋಡಬೇಕು: ಖಾಲಿ ಹೊಟ್ಟೆಯಲ್ಲಿ 126 ಮಿ.ಗ್ರಾಂ ಅಥವಾ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ. 6.5 ಮುಟ್ಟಿದರೆ ಅಥವಾ ದಾಟಿದರೆ ಅದು ಮಧುಮೇಹದ ಸೂಚನೆ. ಥೈರಾಯ್ಡ್ ಪೂರ್ತಿ ತೆಗೆಸಿಕೊಂಡು ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಒಂದು ರೂಪ) ನುಂಗುತ್ತಿರುವವರು ರಕ್ತದ ಕ್ಯಾಲ್ಸಿಯಂ ಮಟ್ಟವನ್ನೂ ನೋಡಿಸಲೇಬೇಕು. ಅದು ಮಿತಿ ಮೀರಿದರೂ ಇದೇ ದಾಹ, ಇದೇ ಮೂತ್ರ, ಜೊತೆಗೆ ಮಲಬದ್ಧತೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕ್ಯಾಲ್ಸಿಯಂ ಒಮ್ಮೆಲೇ ಕುಸಿದರೆ ಅದೂ ಅಪಾಯ.

ಆದರೆ ನೀರು ಗುಟುಕರಿಸಿದ ಎರಡೇ ನಿಮಿಷಕ್ಕೆ ಬಾಯಿ ಮತ್ತೆ ಅಂಟಂಟಾದರೆ, ಒಣ ಬಿಸ್ಕತ್ತು ನೀರಿಲ್ಲದೆ ಗಂಟಲಿನಲ್ಲಿ ಇಳಿಯದಿದ್ದರೆ, ಜೊಲ್ಲನ್ನೇ ಅಳೆಯಬೇಕು. ಇದು ಮನೆಯಲ್ಲೂ ಆಗುವ ಕೆಲಸ. ಒಂದೂವರೆ ಗಂಟೆ ಏನನ್ನೂ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ ಇರಿ. ಒಮ್ಮೆ ನುಂಗಿ, ತಲೆ ಸ್ವಲ್ಪ ಬಗ್ಗಿಸಿ ಕುಳಿತು, 15 ನಿಮಿಷ ಜೊಲ್ಲನ್ನು ನುಂಗದೆ ಸಣ್ಣ ಲೋಟಕ್ಕೆ ತಾನಾಗಿ ಇಳಿಯಬಿಡಿ. ನಾಲಿಗೆ, ಕೆನ್ನೆ ಆಡಿಸಬಾರದು. ಮೇಲೆ ನಿಂತ ನೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಳತೆ ಸುಳ್ಳಾಗುತ್ತದೆ. ನೊರೆ ಕೂರುವವರೆಗೆ ಕಾದು ಸಿರಿಂಜ್‌ನಲ್ಲಿ ಎಳೆದು ನೋಡಿ. 1.5 ಮಿ.ಲೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ, ಅಂದರೆ ನಿಮಿಷಕ್ಕೆ 0.1 ಮಿ.ಲೀ. ಮೀರದಿದ್ದರೆ, ಜೊಲ್ಲು ನಿಜಕ್ಕೂ ಸಾಲುತ್ತಿಲ್ಲ. ಆ ಅಂಕಿಯನ್ನು ಬರೆದುಕೊಂಡು ಹೋಗಿ. "ಒಣಗುತ್ತೆ ಡಾಕ್ಟ್ರೇ" ಅನ್ನುವುದಕ್ಕಿಂತ ಅದಕ್ಕೆ ಹೆಚ್ಚು ತೂಕ. ಅಳತೆ ಚೆನ್ನಾಗಿದ್ದೂ ಬಾಯಿ ಉರಿಯುತ್ತಿದ್ದರೆ ದಾರಿ ಬೇರೆ: ಬಿ12, ಕಬ್ಬಿಣ, ಬಾಯಿಯ ಫಂಗಸ್ ಸೋಂಕು ನೋಡಬೇಕು.

ಜೊತೆಗೆ ನುಂಗುವ ಎಲ್ಲ ಮಾತ್ರೆಗಳ ಹೆಸರೂ ಒಂದೇ ಕಾಗದದಲ್ಲಿರಲಿ. ಅಲರ್ಜಿಯ ಸೆಟಿರಿಜಿನ್, ಕ್ಲೋರ್‌ಫೆನಿರಮೈನ್, ಮೂತ್ರಕೋಶಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಖಿನ್ನತೆಯ ಮಾತ್ರೆ, ಬಿಪಿಯ ಕ್ಲೋನಿಡಿನ್: ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಒಣಗಿಸಿದರೂ ಒಟ್ಟಾದಾಗ ಬಾಯಿ ಮರಳುಗಾಡು. ಬೆಳಿಗ್ಗೆ ಏಳುವಾಗ ಮಾತ್ರ ಒಣಗಿದ್ದು ಹಗಲಿಗೆ ಸರಿಯಾಗುವವರು ಗೊರಕೆ, ಮೂಗು ಕಟ್ಟುವುದು, ಬಾಯಲ್ಲಿ ಉಸಿರಾಡುವುದನ್ನು ಗಮನಿಸಿ.

ಹೆಚ್ಚಾಗಿ ಗಮನಕ್ಕೆ ಬಾರದೆ ಉಳಿಯುವುದು ಶೋಗ್ರೆನ್ ಸಿಂಡ್ರೋಮ್, ಅಂದರೆ ದೇಹ ತನ್ನದೇ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಕಾಯಿಲೆ. ಹಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆ ಇರುವವರ ದೇಹ ತನ್ನದೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿರುತ್ತದೆ. ಅದೇ ದಾಳಿ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳಿಗೂ ತಿರುಗಬಹುದು. ಸುಸ್ತು, ಕೀಲು ನೋವು, ಒಣ ಚರ್ಮ ಎರಡರಲ್ಲೂ ಇರುವುದರಿಂದ ಶೋಗ್ರೆನ್ ಹಶಿಮೊಟೊದ ಹಿಂದೆ ಅಡಗಿ ಕೂರುತ್ತದೆ. ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆಯೇ? ಕೆನ್ನೆಯ ಹಿಂದೆ, ಕಿವಿಯ ಕೆಳಗೆ ಊತ ಬಂದು ಹೋಗುತ್ತದೆಯೇ? ಹಾಗಿದ್ದರೆ ಇಂಥ ಕಾಯಿಲೆ ನೋಡುವ ರುಮಟಾಲಜಿಸ್ಟ್ ಹತ್ತಿರ ಹೋಗಿ. ಆಂಟಿ ರೋ (Ro), ಅಂದರೆ ಎಸ್‌ಎಸ್‌ಎ ಎಂಬ ಪ್ರತಿಕಾಯದ ರಕ್ತಪರೀಕ್ಷೆಯನ್ನು ಹೆಸರು ಹೇಳಿ ಕೇಳಿ. ಇಂಥ ಕಾಯಿಲೆಗೆ ಮೊದಲು ಮಾಡಿಸುವ ಎಎನ್‌ಎ ರಕ್ತಪರೀಕ್ಷೆ ನೆಗೆಟಿವ್ ಬಂತೆಂದು ಅಲ್ಲಿಗೇ ಬಿಟ್ಟವರಲ್ಲೂ ಇದು ಪಾಸಿಟಿವ್ ಬರುವುದುಂಟು. ಕಣ್ಣಿಗೆ ಶಿರ್ಮರ್ ಪರೀಕ್ಷೆ: ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷದಲ್ಲಿ 5 ಮಿ.ಮೀ. ದಾಟಿ ನೆನೆಯದಿದ್ದರೆ ಕಣ್ಣೂ ಒಣಗಿದೆ. ರಕ್ತದಲ್ಲಿ ಏನೂ ಸಿಗದಿದ್ದರೂ ಅನುಮಾನ ಉಳಿದರೆ ಕೆಳತುಟಿಯ ಒಳಭಾಗದಿಂದ ಸಣ್ಣ ಗ್ರಂಥಿಗಳನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಕ್ಕಳಾಗುವ ಯೋಚನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇದು ಬಾಯಿಯ ಮಾತಷ್ಟೇ ಅಲ್ಲ. ಆಂಟಿ ರೋ ಇದ್ದರೆ ಕೆಲವೊಮ್ಮೆ ಹೊಟ್ಟೆಯಲ್ಲಿರುವ ಮಗುವಿನ ಹೃದಯ ಬಡಿತಕ್ಕೆ ತಡೆ ಬರುತ್ತದೆ. ಬಸಿರಾಗುವ ಮೊದಲೇ ಗೊತ್ತಿರಬೇಕು.

ಥೈರಾಯ್ಡ್ ಕ್ಯಾನ್ಸರ್‌ಗೆಂದು ವಿಕಿರಣ ಸೂಸುವ ರೇಡಿಯೋ ಅಯೋಡಿನ್ ಕುಡಿದವರ ವಿಷಯ ನೇರ. ಜೊಲ್ಲಿನ ಗ್ರಂಥಿಯೂ ಅಯೋಡಿನ್ ಹೀರುತ್ತದೆ, ವಿಕಿರಣದ ಪೆಟ್ಟು ಅದಕ್ಕೂ ಬೀಳುತ್ತದೆ. ತೊಂದರೆ ತಿಂಗಳುಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಊಟಕ್ಕೆ ಕುಳಿತಾಗ ಕೆನ್ನೆ ಊದಿ ನೋಯುವುದು ಜೊಲ್ಲಿನ ನಾಳ ಕಟ್ಟಿದ್ದರ ಗುರುತು. ಕಿವಿಯ ಬುಡದಿಂದ ಬಾಯಿಯ ಕಡೆಗೆ ಮೆಲ್ಲನೆ ಒತ್ತಿ ತಂದರೆ ಹಗುರಾಗಬಹುದು, ಆದರೂ ಇಎನ್‌ಟಿ ವೈದ್ಯರಿಗೆ ತೋರಿಸಿ.

ಕಾರಣ ಸಿಗುವವರೆಗೆ ಹಲ್ಲು ಕಾಯದು. ಹುಳಿ ಮಿಠಾಯಿ ಚೀಪಬೇಡಿ, ಜೊಲ್ಲಿಲ್ಲದ ಬಾಯಲ್ಲಿ ಆಮ್ಲ ಹಲ್ಲನ್ನೇ ತಿನ್ನುತ್ತದೆ. ಸಕ್ಕರೆಯಿಲ್ಲದ ಜೈಲಿಟಾಲ್ ಗಮ್ ಅಗಿಯಿರಿ, ಆಲ್ಕೋಹಾಲ್ ಇರುವ ಮೌತ್‌ವಾಶ್ ಬಿಡಿ, ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಬೇಕೇ ಎಂದು ದಂತವೈದ್ಯರನ್ನು ಕೇಳಿ. ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್ ಬರೆದುಕೊಟ್ಟರೆ, ನುಂಗುವ ಮೊದಲು ಅಸ್ತಮಾ ಅಥವಾ ಗ್ಲಾಕೋಮಾ ಇರುವುದನ್ನು ಹೇಳಿ. ಇನ್ನು, ಶೋಗ್ರೆನ್ ಇರುವವರಲ್ಲಿ ಕೆನ್ನೆಯ ಗ್ರಂಥಿ ಊದಿ ಇಳಿಯದೆ ಗಟ್ಟಿಯಾಗಿ ನಿಂತರೆ ಅದು ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದು. ಮುಂದಿನ ಚೆಕಪ್‌ವರೆಗೆ ಕಾಯದೆ ಅದೇ ವಾರ ತೋರಿಸಿ.