ಬಾಯೊಳಗೆ ಐದು ಥರದ ರಿಪೇರಿ: ಬೆಳ್ಳಿ ಫಿಲ್ಲಿಂಗ್‌ನಿಂದ ಇಂಪ್ಲಾಂಟ್‌ವರೆಗೆ ನನ್ನ ಅನುಭವ

2013ರ ಒಂದು ಸಂಜೆ. ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಕೂತಿದ್ದೆವು. ದಾವಣಗೆರೆಯವರಿಗೆ ಈ ಜೋಡಿಯನ್ನು ವಿವರಿಸಬೇಕಾಗಿಲ್ಲ. ಸರಿಯಾಗಿ ಅರಳದ ಒಂದು ಕಾಳು ಬಲಗಡೆ ಕೆಳದವಡೆಗೆ ಸಿಕ್ಕಿತು. ಕಟ್ ಅಂತ ಸದ್ದು. ಕಾಳು ಒಡೆಯಿತು ಅಂದುಕೊಂಡೆ. ನಾಲಿಗೆ ಆಡಿಸಿ ನೋಡಿದರೆ ಒಡೆದಿದ್ದು ಹಲ್ಲು.

ಆ ಹಲ್ಲಿಗೆ 1996ರಲ್ಲಿ, ನಾನು ಪಿಯುಸಿ ಓದುವಾಗ, ಬೆಳ್ಳಿ ತುಂಬಿಸಿದ್ದರು. ಎಡಗಡೆಯ ಇನ್ನೊಂದು ದವಡೆ ಹಲ್ಲಿಗೂ ಅದೇ ವಾರ ಹಾಕಿದ್ದರು. ನಮ್ಮೂರಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ ಅನ್ನುವುದು ದೊಡ್ಡ ಅನುಕೂಲ. ಕಾಲೇಜಿನಲ್ಲಿ ಖರ್ಚು ಕಡಿಮೆ, ಸಮಯ ಜಾಸ್ತಿ. ಕಲಿಯುವ ಹುಡುಗರು ಮಾಡುತ್ತಾರೆ, ಮೇಷ್ಟ್ರು ಬಂದು ನೋಡುತ್ತಾರೆ, ಮತ್ತೆ ಕೆರೆಯುತ್ತಾರೆ, ಮತ್ತೆ ನೋಡುತ್ತಾರೆ. ಅವತ್ತು ಬಾಯಿ ತೆರೆದು ತೆರೆದು ದವಡೆ ನೋವು ಬಂದಿತ್ತು. ಆದರೆ ಎಡಗಡೆಯ ಆ ಬೆಳ್ಳಿ ಇವತ್ತಿಗೂ ಹಾಗೇ ಇದೆ. ಕಪ್ಪಗಾಗಿದೆ, ಅಷ್ಟೇ.

ಬೆಳ್ಳಿ ಅನ್ನುತ್ತೇವೆ, ಆದರೆ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ. ಉಳಿದಿದ್ದು ಬೆಳ್ಳಿ, ತವರ, ತಾಮ್ರ. ಪಾದರಸದ ಬಳಕೆ ಕಡಿಮೆ ಮಾಡಬೇಕು ಅಂತ 2013ರಲ್ಲಿ ಹಲವು ದೇಶಗಳು ಸೇರಿ ಮಾಡಿಕೊಂಡ ಮಿನಮಾಟಾ ಒಪ್ಪಂದ ಬಂದಮೇಲೆ ಇದು ಹಿಂದೆ ಸರಿಯುತ್ತಿದೆ. ನನ್ನ ಬಾಯಲ್ಲಿರುವುದನ್ನು ತೆಗೆಸಬೇಕಾ ಅಂತ ಡಾಕ್ಟರನ್ನು ಕೇಳಿದ್ದೆ. ಗಟ್ಟಿಯಾಗಿರುವುದನ್ನು ಸುಮ್ನೆ ಕೆದಕಿದರೆ ಆಗಲೇ ಆವಿ ಜಾಸ್ತಿ ಏಳುತ್ತೆ, ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತೆ, ಬಿಡಿ ಅಂದರು. ಬಿಟ್ಟೆ.

ಬಲಗಡೆ ಒಡೆದಿದ್ದೂ ಬೆಳ್ಳಿಯಲ್ಲ. ಬೆಳ್ಳಿ ಹಲ್ಲಿಗೆ ಅಂಟುವುದಿಲ್ಲ. ಗುಂಡಿಯೊಳಗೆ ಬಿಗಿಯಾಗಿ ಕೂತಿರುತ್ತೆ, ಕಟ್ಟಿಗೆ ಸೀಳುವಾಗ ಹೊಡೆಯುವ ಬೆಣೆಯ ಹಾಗೆ. ಹದಿನೇಳು ವರ್ಷ ಅಗಿದು ಅಗಿದು ಪಕ್ಕದ ಹಲ್ಲಿನ ಗೋಡೆ ತೆಳ್ಳಗಾಗಿತ್ತು. ಕಾಳು ನೆಪ ಅಷ್ಟೇ.

ಆಮೇಲೆ ಹಾಕಿದ್ದು ಹಲ್ಲಿನ ಬಣ್ಣದ ಫಿಲ್ಲಿಂಗ್, ಕಾಂಪೊಸಿಟ್. ಮೊದಲು ನೀಲಿ ಬಣ್ಣದ ಆಸಿಡ್ ಜೆಲ್ ಹಚ್ಚಿ ಹಲ್ಲನ್ನು ಸ್ವಲ್ಪ ಒರಟು ಮಾಡಿ, ಅಂಟು ಸವರಿ, ಪದರ ಪದರವಾಗಿ ಮೆತ್ತಿ ನೀಲಿ ಲೈಟು ಹಿಡಿಯುತ್ತಾರೆ. ಲೈಟು ಹಿಡಿದಾಗಲೇ ಗಟ್ಟಿಯಾಗುತ್ತೆ. ಬೆಳ್ಳಿ ಹಾಕಿಸಿದಾಗ ಆ ದಿನ ಆ ಕಡೆ ಅಗಿಯಬೇಡ ಅಂದಿದ್ದರು, ಇದಕ್ಕೆ ಆ ಕಟ್ಟುಪಾಡಿಲ್ಲ. ಆದರೆ ಅಂಟುವಾಗ ಎಂಜಲು ತಾಕಬಾರದು, ತಾಕಿದರೆ ಹಿಡಿತ ಹೋಯಿತು. ಹಿಂದಿನ ದವಡೆ ಹಲ್ಲಿನಲ್ಲಿ ನಾಲಿಗೆ, ಕೆನ್ನೆ, ಎಂಜಲು ಎಲ್ಲ ಸೇರಿ ಇದು ಸುಲಭದ ಕೆಲಸವಲ್ಲ. ಅವತ್ತು ಹತ್ತಿ ಉಂಡೆ ಇಟ್ಟು ಬೇಗ ಬೇಗ ಮುಗಿಸಿದರು. ಮೂರು ವರ್ಷಕ್ಕೆ ಅಂಚಿನಲ್ಲಿ ಸಂದಾಗಿ ಒಳಗೆ ಹುಳುಕು ಇಳಿಯಿತು. ರಾತ್ರಿ ಮಲಗಿದರೆ ಕಿವಿವರೆಗೂ ಸಿಡಿತ.

2016ರಲ್ಲಿ ರೂಟ್ ಕೆನಾಲ್ ಆಯಿತು, ಮೂರು ಸಲ ಕೂರಿಸಿ. ಮೂರು ಸಾವಿರ ರೂಪಾಯಿ. ಜನ ಹೆದರಿಸುವಷ್ಟು ನೋವಿಲ್ಲ. ನೋವೆಲ್ಲ ಕ್ಲಿನಿಕ್ಕಿಗೆ ಹೋಗುವ ಮೊದಲಿನದ್ದು.

ಈ ವಿಮರ್ಶೆ ಬರೆಯಲು ಕೂತಿದ್ದು ಮುಂದಿನ ಮಾತಿಗಾಗಿ. ರೂಟ್ ಕೆನಾಲ್ ಅಂದರೆ ಹಲ್ಲಿನ ಒಳಗಿನ ನರವನ್ನು ತೆಗೆದು, ಕೊಳವೆಗಳನ್ನು ತೊಳೆದು, ಗಟಾಪರ್ಚಾ ಅನ್ನುವ ರಬ್ಬರಿನಂಥದ್ದನ್ನು ತುಂಬುವುದು. ನೋವು ಹೋಗುತ್ತೆ. ಆದರೆ ಹುಳುಕು ತಿಂದಿದ್ದು, ದಾರಿ ಮಾಡಿಕೊಳ್ಳಲು ಕೊರೆದಿದ್ದು ಎಲ್ಲ ಕಳೆದಮೇಲೆ ಹಲ್ಲಿನ ಸುತ್ತಗೋಡೆ ಮಾತ್ರ ಉಳಿದಿರುತ್ತೆ. ದವಡೆ ಹಲ್ಲಿನ ಮೇಲೆ ಬೀಳುವ ಭಾರಕ್ಕೆ ಅದು ತಡೆಯುವುದಿಲ್ಲ. ಮೇಲೆ ಕ್ಯಾಪ್ ಬೇಕೇ ಬೇಕು, ಅದೂ ಬೇಗ. ನನಗೆ ಮಾಡಿದ ಕ್ಲಿನಿಕ್ಕಿನಲ್ಲಿ (ಹೆಸರು ಬೇಡ) ಹೇಳಿದ್ದು ಇಷ್ಟೇ: "ಕ್ಯಾಪ್ ಹಾಕಿಸಿದ್ರೆ ಒಳ್ಳೇದು ಮೇಡಂ, ಅನುಕೂಲ ಆದಾಗ ಬರ್ರಿ." ಮೂರೂವರೆ ಸಾವಿರ ಅಂದರು. ಆ ತಿಂಗಳು ಮಗಳ ಫೀಸು. ಮುಂದಿನ ತಿಂಗಳು ಮದುವೆ ಉಡುಗೊರೆ. ನೋವಂತೂ ಇಲ್ಲ. ಅನುಕೂಲ ಆಗಲೇ ಇಲ್ಲ.

ಹದಿಮೂರನೇ ತಿಂಗಳಿಗೆ ಹಲ್ಲು ಎರಡು ಹೋಳಾಯಿತು. ಈ ಸಲ ಮಂಡಕ್ಕಿಯೂ ಅಲ್ಲ, ಮೆತ್ತನೆಯ ಚಪಾತಿ. ಸೀಳು ಬೇರಿನವರೆಗೆ ಹೋಗಿತ್ತು. ಬೇರೆ ಡಾಕ್ಟರು ಎಕ್ಸ್‌ರೇ ನೋಡಿ, ಕೀಳುವುದೊಂದೇ ದಾರಿ ಅಂದರು. ವಸಡಿನ ಮೇಲೆ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಸುತ್ತ ಉಳಿದಿದ್ದರೂ ಅದನ್ನು ಹಿಡಿದು ಕ್ಯಾಪ್ ಕೂರಿಸಬಹುದಿತ್ತಂತೆ. ಅವರು ಹೇಳಿದ ಈ ಎರಡು ಮಿಲಿಮೀಟರ್ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿವರೆಗೆ ನಾನು ಕೇಳುತ್ತಿದ್ದದ್ದು ಯಾವ ಮಟೀರಿಯಲ್ ಒಳ್ಳೇದು ಅಂತ. ಆಮೇಲಿನಿಂದ ಮೊದಲು ಕೇಳುವುದು, ಡಾಕ್ಟ್ರೇ, ನನ್ನ ಹಲ್ಲು ಎಷ್ಟು ಉಳಿದಿದೆ ಅಂತ. ಅದಕ್ಕೆ ಉತ್ತರ ಸಿಕ್ಕರೆ ಮಟೀರಿಯಲ್ ಅರ್ಧ ತಾನಾಗೇ ತೀರ್ಮಾನ ಆಗುತ್ತೆ.

ಖಾಲಿ ಜಾಗಕ್ಕೆ ಮೂರು ದಾರಿ ಹೇಳಿದರು. ತೆಗೆದು ಹಾಕುವ ಹಲ್ಲು ಸಾವಿರದ ಇನ್ನೂರು. ಬ್ರಿಡ್ಜ್ ಹನ್ನೆರಡು ಸಾವಿರ. ಇಂಪ್ಲಾಂಟ್ ಕ್ಯಾಪ್ ಸೇರಿ ಇಪ್ಪತ್ತೆಂಟು ಸಾವಿರ. ನಮ್ಮನೆಯವರು ಬ್ರಿಡ್ಜ್ ಅಂದರು, ಲೆಕ್ಕ ನೋಡಿದರೆ ಅದೇ ಸರಿ. ಆದರೆ ಬ್ರಿಡ್ಜ್ ಅಂದರೆ ಎರಡೂ ಪಕ್ಕದ ಹಲ್ಲನ್ನು ತರಿದು ಚಿಕ್ಕದು ಮಾಡಿ, ಮೂರಕ್ಕೂ ಸೇರಿ ಒಂದೇ ಕ್ಯಾಪ್ ತೊಡಿಸುವುದು. ನನ್ನ ಪಕ್ಕದ ಎರಡೂ ಹಲ್ಲು ಚೆನ್ನಾಗಿದ್ದವು. ಏನೂ ತಪ್ಪು ಮಾಡದ ಹಲ್ಲನ್ನು ತರಿಸಲು ಮನಸ್ಸು ಬರಲಿಲ್ಲ. ಆ ಪಕ್ಕದವುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಇದ್ದು ಹೇಗೂ ಕ್ಯಾಪ್ ಬೇಕಿದ್ದರೆ ನಾನೂ ಬ್ರಿಡ್ಜೇ ಅನ್ನುತ್ತಿದ್ದೆ.

ಇಂಪ್ಲಾಂಟ್ ಅಂದರೆ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು. ಟೈಟಾನಿಯಂಗೆ ಮೂಳೆ ಬೆಸೆದುಕೊಳ್ಳುತ್ತೆ ಅಂತ ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ನನಗೆ 2018ರಲ್ಲಿ. ಮೊದಲು ಶುಗರ್ ಟೆಸ್ಟ್ ಮಾಡಿಸಿದರು, ಹೊಗೆಸೊಪ್ಪು ಇದೆಯಾ ಅಂತ ಕೇಳಿದರು. ತಿರುಪು ಕೂರಿಸುವಾಗ ನೋವಿಲ್ಲ, ಆದರೆ ತಲೆಬುರುಡೆಯಲ್ಲಿ ಬೋರ್‌ವೆಲ್ ಕೊರೆದ ಹಾಗೆ ಸದ್ದು. ನಾಲ್ಕು ತಿಂಗಳು ಮೂಳೆ ಹಿಡಿಯಲು ಬಿಟ್ಟು ಆಮೇಲೆ ಕ್ಯಾಪ್ ಹಾಕಿದರು.

ಆರು ವರ್ಷ ಆಯಿತು. ಅಲುಗಿಲ್ಲ. ಅದಕ್ಕೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡು ಊದಬಹುದು, ಕೆಳಗಿನ ಮೂಳೆ ಕರಗಬಹುದು. ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತನೆಯ ನಾರಿನ ಪದರ ಇರುತ್ತೆ, ಕಲ್ಲು ಸಿಕ್ಕಿದರೆ ತಟ್ಟನೆ ಗೊತ್ತಾಗುತ್ತೆ. ಇದಕ್ಕೆ ಆ ಪದರ ಇಲ್ಲ. ಎಷ್ಟು ಜೋರಾಗಿ ಕಚ್ಚಿದೆ ಅಂತ ಗೊತ್ತೇ ಆಗುವುದಿಲ್ಲ. ಮೊದಲ ಆರು ತಿಂಗಳು ಬೇರೆಯವರ ಹಲ್ಲಿನಲ್ಲಿ ಅಗಿದ ಹಾಗಿತ್ತು. ಈಗಲೂ ಪಕ್ಕದ ಸಂದಿಯಲ್ಲಿ ಸೊಪ್ಪು ಸಿಕ್ಕಿಕೊಳ್ಳುತ್ತೆ. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಒಂದು ಚಿಕ್ಕ ಬ್ರಷ್ ಸಿಗುತ್ತೆ, ದಿನಾ ರಾತ್ರಿ ಅದನ್ನು ಸಂದಿಯಲ್ಲಿ ಆಡಿಸಬೇಕು. ಸೋಮಾರಿಗಳು ಇಂಪ್ಲಾಂಟ್ ಹಾಕಿಸಿಕೊಳ್ಳಬೇಡಿ. ಮೂರೂವರೆ ಸಾವಿರ ಉಳಿಸಲು ಹೋಗಿ ಇಪ್ಪತ್ತೆಂಟು ಸಾವಿರ ಕೊಟ್ಟೆ ಅಂತ ನಮ್ಮನೆಯವರು ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ.

ಅವರಿಗೆ ಹೇಳಲು ಹಕ್ಕಿದೆ ಬಿಡಿ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಎದುರಿಗೆ ಚನ್ನಗಿರಿ ಕಡೆಯ ಅಡಿಕೆ ರಾಶಿ ಬಿದ್ದಿರುವಾಗ ಒಂದು ಹೋಳು ಬಾಯಿಗೆ ಹೋಗದೆ ಇರುತ್ತಾ? 2012ರಲ್ಲಿ ದವಡೆ ಹಲ್ಲಿಗೆ ಸ್ಟೀಲಿನ ಹಾಗೆ ಕಾಣುವ ಬರೀ ಮೆಟಲ್ ಕ್ಯಾಪ್ ಹಾಕಿಸಿಕೊಂಡರು, ಸಾವಿರದ ಇನ್ನೂರಕ್ಕೆ. ಜೋರಾಗಿ ನಕ್ಕರೆ ಮಿಂಚುತ್ತೆ. ಹನ್ನೆರಡು ವರ್ಷ ಅಡಿಕೆ ಅರೆದರೂ ಒಂದು ಗೀರೂ ಇಲ್ಲ. ನಿಕ್ಕಲ್ ಅಲರ್ಜಿ ಇರುವವರು ಮಾತ್ರ ಮೊದಲೇ ಡಾಕ್ಟರಿಗೆ ಹೇಳಬೇಕು. ಕಾಣದ ಜಾಗದ ಹಲ್ಲಿಗೆ ಇದಕ್ಕಿಂತ ಗಟ್ಟಿಮುಟ್ಟು, ಅಗ್ಗದ ವಸ್ತು ನಾನಂತೂ ನೋಡಿಲ್ಲ. ಆದರೂ ಈಗ ಯಾರೂ ಅದರ ಹೆಸರು ಎತ್ತುವುದಿಲ್ಲ, ನಾವೇ ಕೇಳಬೇಕು.

ನಾನು ಕೇಳಲಿಲ್ಲ. 2019ರಲ್ಲಿ ಮೇಲಿನ ಎಡದವಡೆಗೆ ರೂಟ್ ಕೆನಾಲ್ ಆದಾಗ ಬುದ್ಧಿ ಬಂದಿತ್ತು. ಹತ್ತೇ ದಿನಕ್ಕೆ ಹೋಗಿ ಕ್ಯಾಪ್ ಹಾಕಿಸಿದೆ. ಆದರೆ ಒಳಗೆ ಮೆಟಲ್, ಮೇಲೆ ಪಿಂಗಾಣಿ ಇರುವುದನ್ನು ಆರಿಸಿದೆ. ಮೂರು ವರ್ಷ ಚೆನ್ನಾಗಿತ್ತು. ಆಮೇಲೆ ಪಿಂಗಾಣಿಯ ಒಂದು ಚಕ್ಕೆ ಎದ್ದುಹೋಯಿತು, ಹಳೇ ಎನಾಮೆಲ್ ತಟ್ಟೆಯ ಅಂಚಿನ ಹಾಗೆ. ವಸಡಿನ ಪಕ್ಕ ಕಪ್ಪು ಗೆರೆಯೂ ಕಾಣುತ್ತಿತ್ತು. 2022ರಲ್ಲಿ ಅದನ್ನು ಕತ್ತರಿಸಿ ತೆಗೆದು ಝಿರ್ಕೋನಿಯಾ ಅನ್ನುವ ಗಟ್ಟಿ ಸೆರಾಮಿಕ್ಕಿನ ಕ್ಯಾಪ್ ಹಾಕಿದರು, ಏಳೂವರೆ ಸಾವಿರ. ಒಂದೇ ಗಟ್ಟಿ ವಸ್ತುವಿನದ್ದು, ಮೇಲುಪದರ ಇಲ್ಲ, ಏಳಲು ಚಕ್ಕೆಯೂ ಇಲ್ಲ. ಎರಡು ವರ್ಷದಲ್ಲಿ ದೂರಿಲ್ಲ. ಒಂದೇ ಎಚ್ಚರ: ಕಚ್ಚುವ ಎತ್ತರ ಚೂರು ಹೆಚ್ಚಾದರೂ ಅದು ಸವೆದು ಸರಿಹೋಗುವುದಿಲ್ಲ, ಎದುರಿನ ಹಲ್ಲಿಗೆ ಏಟು. ಬಣ್ಣದ ಕಾಗದ ಕಚ್ಚಿಸಿ ನೋಡುವಾಗ ಸಂಕೋಚ ಬೇಡ. ನಾನು ಎರಡು ಸಲ ವಾಪಸ್ ಹೋಗಿ ತಿಕ್ಕಿಸಿಕೊಂಡು ಬಂದೆ.

ಇನ್ನು ಮುಂದಿನ ಹಲ್ಲುಗಳ ಕಥೆ. ನನ್ನ ತವರು ಜಗಳೂರು ತಾಲ್ಲೂಕು. ಚಿಕ್ಕಂದಿನಲ್ಲಿ ಕುಡಿದಿದ್ದೆಲ್ಲ ಬೋರಿನ ನೀರು. ಕುಡಿಯುವ ನೀರಿನ ಒಂದು ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ನಡೆಯುತ್ತೆ. ನಮ್ಮ ಕಡೆಯ ಎಷ್ಟೋ ಬೋರುಗಳಲ್ಲಿ ಅದಕ್ಕಿಂತ ಜಾಸ್ತಿ. ಹಲ್ಲು ದವಡೆಯೊಳಗೆ ರೂಪ ಆಗುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಕಂದು ಕಲೆ ಹಲ್ಲಿನೊಳಗೇ ಕೂರುತ್ತೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಮ್ಮ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೇವೆ.

2015ರಲ್ಲಿ ಮುಂದಿನ ನಾಲ್ಕು ಹಲ್ಲಿಗೆ ಕಾಂಪೊಸಿಟ್ ಹಚ್ಚಿಸಿದೆ, ಆರು ಸಾವಿರ. ಪಿಂಗಾಣಿ ಹಾಳೆ, ಅಂದರೆ ವೆನೀರ್ ಕೂಡ ತೋರಿಸಿದ್ದರು. ಹೊಳಪು ಚೆನ್ನ, ಬಾಳಿಕೆ ಜಾಸ್ತಿ, ಆದರೆ ಹಲ್ಲನ್ನು ಮುಂದಿನಿಂದ ತರಿಯಬೇಕು, ದರವೂ ಕೈಗೆಟುಕುವಂಥದ್ದಲ್ಲ. ಮೊದಲ ವಾರ ಕನ್ನಡಿ ಮುಂದೆಯೇ ಇದ್ದೆ. ಎರಡು ವರ್ಷಕ್ಕೆ ಚಹಾದ ಬಣ್ಣ ಹಿಡಿಯಿತು. ಪಾಲಿಶ್ ಮಾಡಿದರು, ಹೋಯಿತು. ಸೀಬೆಕಾಯಿ ಕಚ್ಚಿ ಒಂದರ ತುದಿ ಹಾರಿತು. ಅರ್ಧ ಗಂಟೆಯಲ್ಲಿ ಮೆತ್ತಿ ಸರಿ ಮಾಡಿದರು. 2021ರಲ್ಲಿ ನಾಲ್ಕೂ ಹೊಸದಾಗಿ ಹಾಕಿಸಿದೆ. ಪದೇ ಪದೇ ರಿಪೇರಿ ನಿಜ, ಆದರೆ ಪ್ರತಿ ರಿಪೇರಿಯೂ ಚಿಕ್ಕದು, ಕೆಳಗಿನ ಹಲ್ಲು ಹಾಗೇ ಇದೆ. ಹಿಂದಿನ ದವಡೆಯಲ್ಲಿ ಕೈಕೊಟ್ಟ ಅದೇ ವಸ್ತು ಇಲ್ಲಿ ಒಂಬತ್ತು ವರ್ಷದಿಂದ ಮಾನ ಕಾಪಾಡಿದೆ. ಇವತ್ತಿಗೂ ಇದನ್ನೇ ಆರಿಸುತ್ತೇನೆ.

ಕೊನೆಯದು ಬಡವರ ಸಿಮೆಂಟ್, ಗ್ಲಾಸ್ ಅಯೊನೊಮರ್. ಕಲೆ ಹೋಗಲಿ ಅಂತ ಹುಡುಗಿಯಾಗಿದ್ದಾಗಿಂದ ಗಟ್ಟಿ ಬ್ರಷ್ಷಿನಲ್ಲಿ ಅಡ್ಡಡ್ಡ ತಿಕ್ಕಿದವಳು ನಾನು. ಅದಕ್ಕೂ ಮೊದಲು ಅವ್ವ ಇದ್ದಿಲು ಪುಡಿ ಕೊಡುತ್ತಿದ್ದಳು. ಕಲೆ ಹೋಗಲಿಲ್ಲ, ವಸಡಿನ ಬುಡದಲ್ಲಿ ಹಲ್ಲು ಸವೆದು ಕೊಡಲಿ ಏಟು ಬಿದ್ದ ಮರದ ಹಾಗಾಯಿತು. ತಣ್ಣೀರು ತಾಕಿದರೆ ಜುಮ್. ಅಲ್ಲಿಗೆ ಈ ಸಿಮೆಂಟ್ ಹಾಕುತ್ತಾರೆ. ಸ್ವಲ್ಪ ತೇವ ಇದ್ದರೂ ಹಲ್ಲಿಗೆ ತಾನೇ ಅಂಟುತ್ತೆ, ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತೆ. ಜಗಳೂರಿನವಳ ಹಲ್ಲಿಗೆ ದುಡ್ಡು ಕೊಟ್ಟು ಫ್ಲೋರೈಡ್! ಭಾರ ಬೀಳುವ ಕಡೆ ಇದು ತಡೆಯಲ್ಲ, ಬೇಗ ಸವೆಯುತ್ತೆ. ಬುಡಕ್ಕೆ ಪರವಾಗಿಲ್ಲ. ಒಂದು ಹಲ್ಲಿಗೆ ಐನೂರು ರೂಪಾಯಿ ಕೊಟ್ಟಿದ್ದೆ.

ನನ್ನದು ಐದು ವರ್ಷದಲ್ಲಿ ಎರಡು ಸಲ ಬಿದ್ದಿತ್ತು. ಮೊನ್ನೆ ಭಾನುವಾರ ಮೂರನೇ ಸಲ ಬಿತ್ತು. ಫೋನ್ ಮಾಡಿ, ಈ ಸಿಮೆಂಟೇ ಸರಿಯಿಲ್ಲ ಡಾಕ್ಟ್ರೇ, ಬೇರೆ ಏನಾದರೂ ಹಾಕಿ ಅಂದೆ. ಸೋಮವಾರ ಬನ್ನಿ ಮೇಡಂ, ಬರುವಾಗ ನೀವು ತಿಕ್ಕೋ ಬ್ರಷ್ಷನ್ನೂ ತಗೊಂಡು ಬನ್ನಿ ಅಂದರು. ನಿನ್ನೆ ಸಂಜೆ ಅಂಗಡಿಗೆ ಹೋಗಿ ಮೆತ್ತನೆಯ ಹೊಸ ಬ್ರಷ್ ತಂದಿದ್ದೇನೆ.